ಐಕೊ ಎಂಬ ಹೆಸರಿನ ಅರ್ಥ: ಅದನ್ನು ಹೇಗೆ ಬರೆದಿದ್ದಾರೆ ಅಂತ ಮೊದಲು ಕೇಳಿ

ಪ್ರಶ್ನೆ: ನನ್ನ ಮಗ ಜಪಾನಿನ ನಾಗೋಯಾದಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಅಲ್ಲಿಯವಳೇ. ಈಚೆಗೆ ಅವರಿಗೆ ಹೆಣ್ಣುಮಗು ಆಯಿತು. ‘ಐಕೊ’ ಅಂತ ಹೆಸರಿಟ್ಟಿದ್ದಾರೆ. ಅರ್ಥ ಹುಡುಕಿದರೆ ಒಂದು ಕಡೆ ‘ಪ್ರೀತಿಯ ಮಗು’ ಅಂತಿದೆ, ಇನ್ನೊಂದು ಕಡೆ ‘ನೀಲಿ’ ಅಂತಿದೆ. ನಮ್ಮ ನೆಂಟರೊಬ್ಬರು ಇಂಗ್ಲಿಷಿನಲ್ಲಿ ಓದಿ, ‘ಇದಕ್ಕೆ ಮದುವೆಯಿಲ್ಲದೆ ಹುಟ್ಟಿದ ಮಗು ಅನ್ನುವ ಅರ್ಥ ಬರುತ್ತದೆ’ ಎಂದುಬಿಟ್ಟರು. ಅಂದಿನಿಂದ ಮನಸ್ಸಿಗೆ ಕಸಿವಿಸಿ. ಯಾವ ಅರ್ಥ ಸರಿ? ಇದು ಅಲ್ಲಿನ ರಾಜಕುಮಾರಿಯ ಹೆಸರಂತೆ, ನಿಜವೇ? ಹಳೇ ಕಾಲದ ಹೆಸರು ಅಂತಲೂ ಕೆಲವರು ಹೇಳುತ್ತಾರೆ. ಕನ್ನಡದಲ್ಲಿ ಹೇಗೆ ಬರೆಯಬೇಕು, ಮಗುವನ್ನು ಹೇಗೆ ಕರೆಯಬೇಕು?

ಉತ್ತರ: ಮೊದಲು ಆ ಕಸಿವಿಸಿ ಬಿಡಿ. ನಿಮ್ಮ ನೆಂಟರು ಹೇಳಿದ ಅರ್ಥ ಈ ಹೆಸರಿಗೆ ಇಲ್ಲವೇ ಇಲ್ಲ. ಅದು ‘ಲವ್ ಚೈಲ್ಡ್’ ಎಂಬ ಇಂಗ್ಲಿಷಿನ ನುಡಿಗಟ್ಟಿನ ಅರ್ಥ. ಜಪಾನಿನಲ್ಲಿ ಈ ಹೆಸರು ಕೇಳಿದ ಯಾರ ತಲೆಯಲ್ಲೂ ಅಂಥ ಯೋಚನೆ ಬರುವುದಿಲ್ಲ. ‘ಐ’ ಎಂದರೆ ಪ್ರೀತಿ, ‘ಕೊ’ ಎಂದರೆ ಮಗು ಅಂತ ಬಿಡಿಬಿಡಿಯಾಗಿ ಹೇಳಬಹುದು, ನಿಜ. ಆದರೆ ಹೆಸರಿನ ಕೊನೆಗೆ ಬರುವ ‘ಕೊ’ ಅಲ್ಲಿ ಮಗು ಎಂಬ ಅರ್ಥವನ್ನು ಹೊತ್ತು ನಿಂತಿರುವುದಿಲ್ಲ. ನಮ್ಮಲ್ಲಿ ನೀಲಮ್ಮ ಎಂಬ ಹೆಸರನ್ನು ಯಾರೂ ‘ನೀಲಿ ಬಣ್ಣದ ತಾಯಿ’ ಅಂತ ಬಿಡಿಸುವುದಿಲ್ಲ ಅಲ್ವಾ? ‘ಅಮ್ಮ’ ಅಲ್ಲಿ ಹೆಣ್ಣಿನ ಹೆಸರು ಅನ್ನುವುದಕ್ಕೆ ಗುರುತು, ಜೊತೆಗೆ ಒಂದಿಷ್ಟು ಗೌರವ. ‘ಕೊ’ ಮಾಡುವ ಕೆಲಸವೂ ಅಷ್ಟೇ.

ಇನ್ನು ‘ಪ್ರೀತಿ’ಯೋ ‘ನೀಲಿ’ಯೋ ಎಂಬ ಪ್ರಶ್ನೆ. ನೀವು ನೋಡಿದ ಎರಡೂ ಕಡೆ ತಪ್ಪು ಬರೆದಿಲ್ಲ. ಆದರೆ ಎರಡೂ ಅರ್ಧ ಮಾತು ಹೇಳಿವೆ. ಜಪಾನಿನ ಹೆಸರಿಗೆ ಎರಡು ಭಾಗ ಇರುತ್ತದೆ. ಒಂದು, ಕಿವಿಗೆ ಕೇಳುವ ಸದ್ದು. ಇನ್ನೊಂದು, ಅದನ್ನು ಬರೆಯುವ ಅಕ್ಷರ. ಚೀನಾದಿಂದ ಬಂದ ಈ ಅಕ್ಷರಗಳನ್ನು ಕಾಂಜಿ ಎನ್ನುತ್ತಾರೆ. ಒಂದೊಂದು ಕಾಂಜಿಗೂ ತನ್ನದೇ ಅರ್ಥ ಇದೆ. ಒಂದೇ ಸದ್ದಿಗೆ ಹತ್ತಾರು ಕಾಂಜಿ ಹೊಂದುತ್ತವೆ. ಅವುಗಳಲ್ಲಿ ಯಾವುದನ್ನು ತಂದೆ ತಾಯಿ ಆರಿಸಿದರೋ ಅದರಲ್ಲೇ ಹೆಸರಿನ ಅರ್ಥ ಕೂತಿರುತ್ತದೆ. ‘ಐ’ ಸದ್ದಿಗೆ ಪ್ರೀತಿ ಎಂಬ ಕಾಂಜಿ ಇದೆ. ನೀಲಿ ಬಣ್ಣ ಕೊಡುವ ಗಿಡದ ಕಾಂಜಿಯೂ ಇದೆ. ‘ಅ’ಗೆ ಒಂದು, ‘ಇ’ಗೆ ಒಂದು ಅಂತ ಎರಡು ಕಾಂಜಿ ಜೋಡಿಸಿ ಬರೆಯುವವರೂ ಇದ್ದಾರೆ. ಕಾಂಜಿಯೇ ಬೇಡ ಎಂದು ಹಿರಗಾನ ಎಂಬ ಸರಳ ಲಿಪಿಯಲ್ಲಿ ಸದ್ದನ್ನು ಮಾತ್ರ ಬರೆಯುವವರೂ ಇದ್ದಾರೆ.

ಹಾಗಾಗಿ ‘ಐಕೊ ಎಂದರೇನು’ ಎಂದು ಜಪಾನಿನವರನ್ನೇ ಕೇಳಿದರೂ, ಅವರು ತಿರುಗಿ ‘ಯಾವ ಅಕ್ಷರ?’ ಅಂತ ಕೇಳುತ್ತಾರೆ. ಹೊಸದಾಗಿ ಪರಿಚಯ ಆದವರು ಹೆಸರು ಹೇಳಿದ ಮೇಲೆ ಅಕ್ಷರವನ್ನೂ ವಿವರಿಸುವುದು ಅಲ್ಲಿ ದಿನನಿತ್ಯದ ಮಾತು. ನೀವು ಮಗನನ್ನೋ ಸೊಸೆಯನ್ನೋ ಕೇಳಲು ಸಂಕೋಚ ಪಡಬೇಕಾಗಿಲ್ಲ. ‘ಅರ್ಥ ಏನು’ ಅಂತ ಕೇಳುವ ಬದಲು ‘ಹೇಗೆ ಬರೀತೀರಿ, ಆ ಅಕ್ಷರ ಯಾಕೆ ಆರಿಸಿದಿರಿ’ ಅಂತ ಕೇಳಿ. ಸೊಸೆ ಖುಷಿಯಿಂದಲೇ ಹೇಳುತ್ತಾಳೆ. ಹೆಸರಿಡುವಾಗ ಅಲ್ಲಿನ ತಂದೆ ತಾಯಂದಿರು ಬಹಳ ಯೋಚನೆ ಮಾಡುವುದು ಇದರ ಬಗ್ಗೆಯೇ.

ಈ ಹೆಸರನ್ನು ಹೆಚ್ಚಾಗಿ ಬರೆಯುವುದು ಪ್ರೀತಿಯ ಕಾಂಜಿಯಲ್ಲಿ. ನಿಮ್ಮ ಮೊಮ್ಮಗಳದ್ದೂ ಅದೇ ಇರಬಹುದು. ಆದ್ದರಿಂದ ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ಅಕ್ಷರಕ್ಕೆ 13 ಗೆರೆ. ನಟ್ಟ ನಡುವೆ ಹೃದಯ ಎಂಬ ಅಕ್ಷರ ಇದೆ. ಚೀನಾದಲ್ಲಿ ಲಿಪಿಯನ್ನು ಸರಳ ಮಾಡಿದಾಗ ಈ ನಡುವಿನ ಹೃದಯವನ್ನು ತೆಗೆದುಹಾಕಿದರು. ಜಪಾನಿನಲ್ಲಿ ಅದು ಉಳಿದಿದೆ. ಮಕ್ಕಳು ಶಾಲೆಯಲ್ಲಿ 4ನೇ ತರಗತಿಯಲ್ಲಿ ಇದನ್ನು ಕಲಿಯುತ್ತಾರೆ. ‘ಕೊ’ ಅಕ್ಷರಕ್ಕೆ ಬರೀ ಮೂರು ಗೆರೆ, 1ನೇ ತರಗತಿಯಲ್ಲೇ ಬರುತ್ತದೆ. ಗೆರೆಗಳ ಲೆಕ್ಕ ಯಾಕೆ ಹೇಳಿದೆ ಅಂದರೆ, ನಮ್ಮಲ್ಲಿ ನಕ್ಷತ್ರ ನೋಡಿ ಹೆಸರಿನ ಅಕ್ಷರ ಹುಡುಕುವವರು ಇರುವ ಹಾಗೆ, ಅಲ್ಲಿ ಹೆಸರಿನ ಗೆರೆಗಳನ್ನು ಕೂಡಿಸಿ ಒಳ್ಳೆಯದು ಕೆಟ್ಟದ್ದು ನೋಡುವವರು ಇದ್ದಾರೆ. ಎಲ್ಲರೂ ನಂಬುವುದಿಲ್ಲ. ಆದರೆ ಅಜ್ಜ ಅಜ್ಜಿಯರ ಸಮಾಧಾನಕ್ಕೆ ಒಮ್ಮೆ ನೋಡುವ ಮನೆಗಳು ಬೇಕಾದಷ್ಟಿವೆ.

ಈ ‘ಐ’ ಅಕ್ಷರದ ಹಳೆಯ ಬಾಳು ನಮಗೆ ಬಹಳ ಹತ್ತಿರದ್ದು. ಭಾರತದ ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದಾಗ ‘ತೃಷ್ಣೆ’ ಎಂಬ ಮಾತಿಗೆ ಇದೇ ಅಕ್ಷರವನ್ನು ಬಳಸಿದರು. ಬುದ್ಧ ಹೇಳಿದ ದುಃಖದ ಹನ್ನೆರಡು ಕೊಂಡಿಗಳ ಸರಪಳಿಯಲ್ಲಿ ತೃಷ್ಣೆಯ ಕೊಂಡಿಗೆ ಜಪಾನೀ ಹೆಸರು ‘ಐ’. ಪ್ರೀತಿಸಿದವರಿಂದ ದೂರವಾಗುವ ಸಂಕಟವನ್ನು ಎಂಟು ದುಃಖಗಳಲ್ಲಿ ಒಂದಾಗಿ ಎಣಿಸುತ್ತಾರೆ. ಅದರ ಹೆಸರಿನಲ್ಲೂ ಮೊದಲಿಗೆ ಈ ಅಕ್ಷರವೇ ಬರುತ್ತದೆ. ಸಂಸ್ಕೃತದಲ್ಲಿ ರಾಗರಾಜ ಎಂದು ಕರೆಯುವ ಕೆಂಪು ಮೈಯ ದೇವತೆ ಅಲ್ಲಿ ‘ಐಝೆನ್ ಮ್ಯೋಓ’. ಆಸೆಯನ್ನೇ ಜ್ಞಾನವಾಗಿ ಬದಲಿಸುವ ದೇವತೆ ಅದು. ಅಂದರೆ ಬಹಳ ಕಾಲ ಜಪಾನಿನ ಓದಿದವರ ಕಿವಿಯಲ್ಲಿ ‘ಐ’ ಎಂದರೆ ಮೋಹ, ಅಂಟು, ಬಿಡಿಸಿಕೊಳ್ಳಬೇಕಾದ ಕಟ್ಟು ಎಂಬ ಛಾಯೆ ಇತ್ತು.

ಇದಕ್ಕೆ ಒಳ್ಳೆಯ ಪುರಾವೆ 16ನೇ ಶತಮಾನದ್ದು. ಯುರೋಪಿನ ಪಾದ್ರಿಗಳು ಜಪಾನಿಗೆ ಬಂದಾಗ ದೇವರ ಪ್ರೀತಿಯನ್ನು ಜಪಾನೀ ಭಾಷೆಯಲ್ಲಿ ಹೇಳಬೇಕಾಯಿತು. ಅವರು ‘ಐ’ ಅನ್ನು ಬಿಟ್ಟು ‘ತೈಸೆತ್ಸು’ ಎಂಬ ಮಾತನ್ನು ಹಿಡಿದರು. ಅದರ ಅರ್ಥ ‘ಬಹಳ ಮುಖ್ಯವಾದದ್ದು, ಜೋಪಾನ ಮಾಡಬೇಕಾದದ್ದು’. 19ನೇ ಶತಮಾನದ ಕೊನೆಗೆ ಮೆಯ್ಜಿ ಕಾಲದಲ್ಲಿ ಬೈಬಲ್ಲಿನ ಅನುವಾದ, ಹೊಸ ಸಾಹಿತ್ಯ, ಹೊಸ ವಿಚಾರ ಎಲ್ಲ ಬಂದ ಮೇಲೆ ‘ಐ’ ಅಕ್ಷರದ ಮೇಲಿದ್ದ ಆ ಹಳೇ ಛಾಯೆ ತೆಳುವಾಯಿತು. ನಿಷ್ಕಲ್ಮಷ ಪ್ರೀತಿ, ಎಲ್ಲರ ಬಗ್ಗೆ ಇರುವ ಪ್ರೀತಿ ಎಂಬ ಅರ್ಥ ಮುಂದಕ್ಕೆ ಬಂತು. ಇವತ್ತು ಹೆಸರಿಡುವವರ ಮನಸ್ಸಿನಲ್ಲಿ ಇರುವುದು ಈ ಅರ್ಥವೇ.

ಬೌದ್ಧ ದಾರಿ ಬಿಟ್ಟು ಇನ್ನೊಂದು ದಾರಿಯೂ ಇತ್ತು. ಅದು ಚೀನಾದ ಕನ್‌ಫ್ಯೂಶಿಯಸ್ ಪಂಥದ್ದು. ಅಲ್ಲಿ ಈ ಅಕ್ಷರಕ್ಕೆ ಮೊದಲಿನಿಂದಲೂ ಒಳ್ಳೆಯ ಅರ್ಥವೇ. ನೀವು ಕೇಳಿದ ರಾಜಕುಮಾರಿಯ ಹೆಸರು ಬಂದದ್ದು ಈ ದಾರಿಯಿಂದ.

ಹೌದು, ಜಪಾನಿನ ಈಗಿನ ಸಾಮ್ರಾಟ ನರುಹಿತೊ ಮತ್ತು ಸಾಮ್ರಾಜ್ಞಿ ಮಸಾಕೊ ಅವರ ಒಬ್ಬಳೇ ಮಗಳ ಹೆಸರು ಐಕೊ. ಹುಟ್ಟಿದ್ದು 2001ರ ಡಿಸೆಂಬರ್ 1ರಂದು. ಆಗ ನರುಹಿತೊ ಇನ್ನೂ ಯುವರಾಜ. ಏಳನೇ ದಿನ, ಡಿಸೆಂಬರ್ 7ರಂದು, ಹೆಸರಿಡುವ ಶಾಸ್ತ್ರ ಆಯಿತು. ಅರಮನೆಯ ರೂಢಿಯ ಪ್ರಕಾರ ಇಂಥ ಮಗುವಿಗೆ ಹೆಸರು ಆರಿಸಬೇಕಾದವರು ಸಾಮ್ರಾಟರು, ಅಂದರೆ ಮಗುವಿನ ಅಜ್ಜ ಅಕಿಹಿತೊ. ಈ ಸಲ ತಂದೆ ತಾಯಿಯೇ ಆರಿಸಿದರು. ಪ್ರೀತಿ ಎಂಬ ಕಾಂಜಿ, ಮೇಲೆ ‘ಕೊ’. ಜೊತೆಗೆ ‘ತೊಶಿ ನೊ ಮಿಯಾ’ ಎಂಬ ಅರಮನೆಯ ಬಿರುದು. ‘ತೊಶಿ’ಯನ್ನು ಬರೆದದ್ದು ಗೌರವ ಎಂಬ ಕಾಂಜಿಯಲ್ಲಿ.

ಈ ಎರಡು ಅಕ್ಷರ, ಪ್ರೀತಿ ಮತ್ತು ಗೌರವ, ಕ್ರಿಸ್ತಪೂರ್ವ 4ನೇ ಶತಮಾನದ ಚೀನೀ ಚಿಂತಕ ಮೆನ್ಶಿಯಸ್‌ನ ಮಾತಿನಿಂದ ಬಂದವು. ಆತ ಹೇಳಿದ್ದು ಇಷ್ಟು: ಇತರರನ್ನು ಪ್ರೀತಿಸುವವರನ್ನು ಜನ ಯಾವಾಗಲೂ ಪ್ರೀತಿಸುತ್ತಾರೆ, ಇತರರನ್ನು ಗೌರವಿಸುವವರನ್ನು ಜನ ಯಾವಾಗಲೂ ಗೌರವಿಸುತ್ತಾರೆ. ನನಗೆ ಇದರಲ್ಲಿ ಬಹಳ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಆ ಸಾಲಿನ ಹಿಂದಿನ ಸಾಲಿನಲ್ಲೇ ‘ಕರುಣೆಯುಳ್ಳವರು ಇತರರನ್ನು ಪ್ರೀತಿಸುತ್ತಾರೆ’ ಎಂಬ ಮಾತಿದೆ. ಕರುಣೆ ಎಂಬ ಆ ಅಕ್ಷರವೇ ಅರಮನೆಯ ಗಂಡಸರ ಹೆಸರಿನ ಕೊನೆಯ ‘ಹಿತೊ’. ಹಿರೊಹಿತೊ, ಅಕಿಹಿತೊ, ನರುಹಿತೊ ಮೂವರಿಗೂ ಅದೇ ಅಕ್ಷರ. ಅಂದರೆ ತಂದೆಯ ಹೆಸರಿನ ಕೊನೆಯ ಅಕ್ಷರ ಮತ್ತು ಮಗಳ ಹೆಸರಿನ ಮೊದಲ ಅಕ್ಷರ ಹಳೆಯ ಗ್ರಂಥದ ಒಂದೇ ಮಾತಿನಲ್ಲಿ ಪಕ್ಕದಲ್ಲಿವೆ. ಹೆಸರನ್ನು ಅಕ್ಷರದಲ್ಲಿ ನೋಡಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಸದ್ದು ಕೇಳಿದರೆ ಇದು ಗೊತ್ತಾಗುವುದಿಲ್ಲ.

ಈ ಹೆಸರಿನಲ್ಲಿ ಪ್ರೀತಿ ಒಂದು ಕಡೆಯದ್ದಲ್ಲ ಎಂಬುದನ್ನೂ ಗಮನಿಸಿ. ‘ಪ್ರೀತಿಯ ಮಗು’ ಎಂದರೆ ನಮ್ಮಿಂದ ಪ್ರೀತಿ ಪಡೆಯುವ ಮಗು ಅಂತ ಮಾತ್ರ ಆಗುತ್ತದೆ. ಮೆನ್ಶಿಯಸ್‌ನ ಮಾತಿನಲ್ಲಿ ಪ್ರೀತಿಸುವುದು ಮೊದಲು, ಪ್ರೀತಿ ಪಡೆಯುವುದು ಆಮೇಲೆ. ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ಇರುವ ಎರಡು ಪದದ ಅರ್ಥದಲ್ಲಿ ಇದು ಕಳೆದುಹೋಗುತ್ತದೆ. ರಾಜಕುಮಾರಿಯ ಹೆಸರನ್ನು ಸಾಮಾನ್ಯ ಜನ ಇಡಬಾರದು ಎಂಬ ಕಟ್ಟಳೆ ಏನೂ ಇಲ್ಲ. ಆಕೆ ಹುಟ್ಟುವ ಎಷ್ಟೋ ಮೊದಲಿನಿಂದ ಐಕೊ ಸಾಮಾನ್ಯ ಮನೆಗಳಲ್ಲೂ ಇದ್ದ ಹೆಸರು.

ಈಗ ‘ಹಳೇ ಕಾಲದ ಹೆಸರು’ ಎಂಬ ಮಾತಿಗೆ ಬರುತ್ತೇನೆ. ಅದು ಹೇಳುತ್ತಿರುವುದು ‘ಐ’ ಬಗ್ಗೆ ಅಲ್ಲ, ‘ಕೊ’ ಬಗ್ಗೆ.

‘ಕೊ’ ಅಕ್ಷರ ಹುಟ್ಟಿದ್ದು ಕೈ ಚಾಚಿದ ಕೂಸಿನ ಚಿತ್ರದಿಂದ. ಈ ಅಕ್ಷರವನ್ನು ಎರಡಾಗಿ ಒಡೆದು ‘ಆರಂಭದಿಂದ ಕೊನೆಯವರೆಗೆ ತುಂಬಿದ ಬಾಳು’ ಅಂತ ಅರ್ಥ ಹೇಳುವುದನ್ನು ನೀವು ಓದಿರಬಹುದು. ಕೇಳಲು ಚೆನ್ನಾಗಿದೆ, ಆದರೆ ಅದು ಆಮೇಲೆ ಯಾರೋ ಕಟ್ಟಿದ ಅರ್ಥ. ನಿಜವಾದ ಇತಿಹಾಸ ಅದಕ್ಕಿಂತ ಸೊಗಸಾಗಿದೆ. ಚೀನಾದಲ್ಲಿ ಈ ಅಕ್ಷರವನ್ನು ದೊಡ್ಡ ಗುರುಗಳ ಹೆಸರಿನ ಕೊನೆಗೆ ಗೌರವಕ್ಕೆ ಹಚ್ಚುತ್ತಿದ್ದರು. ಕನ್‌ಫ್ಯೂಶಿಯಸ್ ಜಪಾನಿನಲ್ಲಿ ‘ಕೋಶಿ’, ಮೆನ್ಶಿಯಸ್ ‘ಮೋಶಿ’. ಆ ‘ಶಿ’ ಬರೆಯುವುದು ‘ಕೊ’ ಅಕ್ಷರದಲ್ಲೇ, ಓದು ಮಾತ್ರ ಬೇರೆ. ಅಂದರೆ ರಾಜಕುಮಾರಿ ಐಕೊಳ ಹೆಸರಿನ ಕೊನೆಯ ಅಕ್ಷರ ಆ ಮಾತು ಹೇಳಿದ ಗುರುವಿನ ಹೆಸರಿನಲ್ಲೂ ಇದೆ.

ಜಪಾನಿನಲ್ಲಿ ಮೊದಮೊದಲು ‘ಕೊ’ ಗಂಡಸರ ಹೆಸರಿನಲ್ಲಿ ಇತ್ತು. 607ರಲ್ಲಿ ಚೀನಾದ ಸೂಯಿ ಸಾಮ್ರಾಜ್ಯಕ್ಕೆ ರಾಯಭಾರಿಯಾಗಿ ಹೋದವನು ಓನೊ ನೊ ಇಮೊಕೊ. ಅದೇ ಕಾಲದ ಬಲಿಷ್ಠ ಮಂತ್ರಿ ಸೊಗಾ ನೊ ಉಮಾಕೊ. ಇಬ್ಬರೂ ಗಂಡಸರು. ಆಮೇಲೆ ಮೆಲ್ಲಗೆ ಅದು ಅರಮನೆಯ ಹೆಣ್ಣುಮಕ್ಕಳ ಕಡೆ ಸರಿಯಿತು. 9ನೇ ಶತಮಾನದ ಆರಂಭದಲ್ಲಿ ಆಳಿದ ಸಾಗಾ ಸಾಮ್ರಾಟ ತನ್ನ ರಾಜಕುಮಾರಿಯರಿಗೆ ಒಂದು ಕಾಂಜಿಯ ಜೊತೆ ‘ಕೊ’ ಸೇರಿಸಿದ ಹೆಸರುಗಳನ್ನು ಇಟ್ಟ. ಅಲ್ಲಿಂದ ಅದು ದೊಡ್ಡ ಮನೆತನಗಳ ಹೆಣ್ಣುಮಕ್ಕಳ ರೂಢಿಯಾಯಿತು. ಅರಮನೆಯಲ್ಲಿ ಇವತ್ತಿಗೂ ಹೆಣ್ಣುಮಕ್ಕಳ ಹೆಸರಿಗೆ ‘ಕೊ’ ಬಂದೇ ಬರುತ್ತದೆ.

ಸಾಮಾನ್ಯ ಮನೆಗಳಲ್ಲಿ ಹೀಗಿರಲಿಲ್ಲ. 19ನೇ ಶತಮಾನದವರೆಗೂ ರೈತರ, ವ್ಯಾಪಾರಿಗಳ ಹೆಣ್ಣುಮಕ್ಕಳಿಗೆ ಪುಟ್ಟ ಹೆಸರುಗಳಿದ್ದವು. ಹರು ಎಂದರೆ ವಸಂತ, ಕಿಕು ಎಂದರೆ ಸೇವಂತಿಗೆ, ಮತ್ಸು ಎಂದರೆ ಪೈನ್ ಮರ, ತ್ಸುರು ಎಂದರೆ ಕೊಕ್ಕರೆಯ ಜಾತಿಯ ಹಕ್ಕಿ. ಬರೆಯುವುದು ಹೆಚ್ಚಾಗಿ ಸರಳ ಲಿಪಿಯಲ್ಲಿ. ಕರೆಯುವಾಗ ಮುಂದೆ ‘ಒ’ ಸೇರಿಸಿ ಒಹರು, ಒಕಿಕು ಎನ್ನುತ್ತಿದ್ದರು. 1868ರಲ್ಲಿ ಮೆಯ್ಜಿ ಕಾಲ ಶುರುವಾಯಿತು. 1872ರಲ್ಲಿ ದೇಶದ ಎಲ್ಲ ಮನೆಗಳ ಪಟ್ಟಿ ಮಾಡಿದರು. 1875ರಲ್ಲಿ ಎಲ್ಲರಿಗೂ ಮನೆತನದ ಹೆಸರು ಕಡ್ಡಾಯವಾಯಿತು. ದೊಡ್ಡವರು ಸಣ್ಣವರು ಎಂಬ ಬೇಲಿ ಸಡಿಲವಾದ ಹಾಗೆ, ಅರಮನೆಯ ‘ಕೊ’ ಸಾಮಾನ್ಯರ ಮನೆಗೂ ಬಂತು.

ಈ ಬದಲಾವಣೆ ಒಬ್ಬರ ಬಾಳಿನಲ್ಲೇ ಕಾಣುತ್ತದೆ. ತ್ಸುದಾ ಉಮೆಕೊ 1864ರಲ್ಲಿ ಹುಟ್ಟಿದರು. ಆಗ ಅವರ ಹೆಸರು ಬರೀ ಉಮೆ. ಉಮೆ ಅಂದರೆ ಚಳಿಗಾಲದ ಕೊನೆಗೆ ಹೂಬಿಡುವ ಪ್ಲಮ್ ಜಾತಿಯ ಮರ. 1871ರಲ್ಲಿ, ಇನ್ನೂ ಚಿಕ್ಕ ಹುಡುಗಿ, ಓದಲು ಅಮೆರಿಕಕ್ಕೆ ಹೋದರು. ತಿರುಗಿ ಬಂದು 1900ರಲ್ಲಿ ಟೋಕಿಯೋದಲ್ಲಿ ಹೆಣ್ಣುಮಕ್ಕಳಿಗೆ ಒಂದು ಶಾಲೆ ತೆರೆದರು. ಅದೇ ಇಂದಿನ ತ್ಸುದಾ ವಿಶ್ವವಿದ್ಯಾಲಯ. 1902ರಲ್ಲಿ ತಮ್ಮ ಹೆಸರನ್ನು ‘ಉಮೆಕೊ’ ಎಂದು ಬದಲಿಸಿಕೊಂಡರು. 2024ರ ಜುಲೈನಿಂದ ಜಪಾನಿನ 5000 ಯೆನ್ ನೋಟಿನ ಮೇಲೆ ಇರುವುದು ಅವರ ಮುಖವೇ. ನಿಮ್ಮ ಮಗನ ಕೈಗೆ ಆ ನೋಟು ಬಂದೇ ಬಂದಿರುತ್ತದೆ.

ಆಮೇಲೆ ‘ಕೊ’ ಮಹಾಪೂರದ ಹಾಗೆ ಬಂತು. ಮೆಯ್ಜಿ ಯಸುದಾ ಎಂಬ ಜೀವವಿಮಾ ಕಂಪನಿ 1912ರಿಂದ ಹುಟ್ಟಿದವರ ಹೆಸರುಗಳ ಪಟ್ಟಿಯನ್ನು ವರ್ಷ ವರ್ಷಕ್ಕೆ ಕೊಡುತ್ತದೆ. ಅದರಲ್ಲಿ 1930, 1940ರ ದಶಕಗಳನ್ನು ನೋಡಿದರೆ ಮೇಲಿನ ಹತ್ತು ಹೆಸರುಗಳಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ‘ಕೊ’ ಇದೆ. ಕಝುಕೊ ಎಂಬ ಹೆಸರು ಎಷ್ಟೋ ವರ್ಷ ಮೊದಲ ಸ್ಥಾನದಲ್ಲಿತ್ತು. 1926ರ ಕೊನೆಗೆ ಹಿರೊಹಿತೊ ಸಾಮ್ರಾಟನಾದಾಗ ಶುರುವಾದ ಶೋವಾ ಯುಗದ ಹೆಸರಿನ ‘ವಾ’ ಅಕ್ಷರವೇ ಕಝುಕೊದ ‘ಕಝು’. ಹೊಸ ಯುಗದ ಹೆಸರನ್ನೇ ಜನ ಹೆಣ್ಣುಮಕ್ಕಳಿಗೆ ಇಟ್ಟರು. ಅರ್ಥ, ಸೌಹಾರ್ದ ಮತ್ತು ಶಾಂತಿ.

ಅಷ್ಟು ಜಾಸ್ತಿಯಾದ ಮೇಲೆ ಇಳಿಯಲೇಬೇಕಲ್ಲ. 1960ರ ದಶಕದಿಂದ ‘ಕೊ’ ಇಲ್ಲದ ಹೆಸರುಗಳು ಮೇಲೆ ಬಂದವು. 1980ರ ದಶಕದಲ್ಲಿ ಬಹುಕಾಲ ಮೊದಲ ಸ್ಥಾನದಲ್ಲಿದ್ದ ಹೆಸರು ಯಾವುದು ಗೊತ್ತೇ? ‘ಐ’. ಬರೀ ‘ಐ’, ಪ್ರೀತಿಯ ಅದೇ ಕಾಂಜಿ, ‘ಕೊ’ ಇಲ್ಲದೆ. ಟೇಬಲ್ ಟೆನಿಸ್ ಆಟಗಾರ್ತಿ ಫುಕುಹಾರಾ ಐ ಹುಟ್ಟಿದ್ದು 1988ರಲ್ಲಿ, ಆ ಅಲೆಯ ನಡುವೆ. ಈಗಿನ ಹುಡುಗಿಯರ ಹೆಸರು ಹಿಮಾರಿ, ತ್ಸುಮುಗಿ, ಯುಇ, ರಿನ್ ಈ ಥರ. ಹಾಗಾಗಿ ಇವತ್ತು ಮಗುವಿಗೆ ‘ಕೊ’ ಹಚ್ಚಿದ ಹೆಸರಿಡುವುದು ರೂಢಿಯ ಜೊತೆ ಹೋಗುವುದಲ್ಲ, ಬೇಕೆಂದೇ ಮಾಡುವ ಆಯ್ಕೆ. ನಿಮಗೆ ‘ಹಳೇ ಕಾಲದ್ದು’ ಎಂದವರು ಪೂರ್ತಿ ತಪ್ಪು ಹೇಳಿಲ್ಲ. ಆದರೆ ಅದರಲ್ಲಿ ಹೀಗಳೆಯುವಂಥದ್ದೇನೂ ಇಲ್ಲ. ಸೊಸೆ ತನ್ನ ಅಜ್ಜಿಯ ತಲೆಮಾರಿನ ಒಂದು ಗುರುತನ್ನು ಮಗಳಿಗೆ ಕೊಟ್ಟಿದ್ದಾಳೆ. ನನಗಂತೂ ಅದು ಗಟ್ಟಿ ಮನಸ್ಸಿನ ಆಯ್ಕೆ ಅನಿಸುತ್ತದೆ.

ಈಗ ನೀಲಿ. ನೀವು ಓದಿದ ಎರಡನೇ ಅರ್ಥ ಬರುವುದು ‘ಐ’ ಸದ್ದಿನ ಇನ್ನೊಂದು ಕಾಂಜಿಯಿಂದ. ಅದು ಬಟ್ಟೆಗೆ ಗಾಢ ನೀಲಿ ಬಣ್ಣ ಕಟ್ಟುವ ಗಿಡದ ಹೆಸರು, ಆ ಬಣ್ಣದ ಹೆಸರೂ ಹೌದು. ನಮ್ಮ ನೀಲಿ ಗಿಡವೇ ಬೇರೆ, ಅವರದ್ದೇ ಬೇರೆ ಜಾತಿ. ಆದರೆ ಎರಡರ ಎಲೆಯಿಂದಲೂ ಬರುವ ಬಣ್ಣ ಒಂದೇ. ಶಿಕೊಕು ದ್ವೀಪದ ತೊಕುಶಿಮಾದಲ್ಲಿ ಯೊಶಿನೊ ನದಿಯ ದಡ ಈ ಬೆಳೆಗೆ ಹೆಸರಾದ ಜಾಗ. ಪದೇ ಪದೇ ನೆರೆ ಬಂದು ಹೊಸ ಮಣ್ಣು ತಂದು ಹಾಕುತ್ತಿದ್ದ ನೆಲ ಅದು. ಎಲೆಯನ್ನು ಒಣಗಿಸಿ, ನೀರು ಹಾಕಿ ತಿಂಗಳುಗಟ್ಟಲೆ ಕೊಳೆಸಿ ‘ಸುಕುಮೊ’ ಎಂಬ ಬಣ್ಣದ ಪುಡಿ ಮಾಡುತ್ತಾರೆ. ಮೆಯ್ಜಿ ಕಾಲದಲ್ಲಿ ಆ ರೈತರಿಗೆ ಮೊದಲ ಪೆಟ್ಟು ಬಿದ್ದದ್ದು ಭಾರತದಿಂದ ಅಗ್ಗವಾಗಿ ಬಂದ ನೀಲಿಯಿಂದ. ಆಮೇಲೆ ಕಾರ್ಖಾನೆಯ ನೀಲಿ ಬಂದು ಭಾರತದ ನೀಲಿ ಮತ್ತು ಜಪಾನಿನ ನೀಲಿ ಎರಡನ್ನೂ ಮೂಲೆಗೆ ತಳ್ಳಿತು. ತೊಕುಶಿಮಾದಲ್ಲಿ ಕೆಲವು ಮನೆತನಗಳು ಇನ್ನೂ ಈ ಕಸುಬು ಬಿಟ್ಟಿಲ್ಲ.

ಈ ಕಾಂಜಿಯಲ್ಲಿ ಹೆಸರಿಡುವವರ ಮನಸ್ಸಿನಲ್ಲಿ ಹೆಚ್ಚಾಗಿ ಒಂದು ಹಳೆಯ ಚೀನೀ ಮಾತಿರುತ್ತದೆ. ನೀಲಿ ಬಣ್ಣ ಬರುವುದು ಗಿಡದಿಂದ, ಆದರೆ ಬಣ್ಣ ಗಿಡಕ್ಕಿಂತ ನೀಲಿ. ಶಿಷ್ಯ ಗುರುವನ್ನು ಮೀರಬೇಕು, ಮಕ್ಕಳು ನಮ್ಮನ್ನು ಮೀರಬೇಕು ಎಂಬ ಆಸೆ ಅದು. ಒಂದು ಕಾಲದಲ್ಲಿ ಈ ಅಕ್ಷರದಲ್ಲಿ ಹೆಸರಿಡಲು ಕಾನೂನು ಬಿಡುತ್ತಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಸರ್ಕಾರ ಹೆಸರಿಗೆ ಬಳಸಬಹುದಾದ ಕಾಂಜಿಗಳ ಪಟ್ಟಿಯನ್ನು ಗೊತ್ತು ಮಾಡಿತು. ನೀಲಿಯ ಕಾಂಜಿ ಅದರಲ್ಲಿ ಇರಲಿಲ್ಲ. 1976ರಲ್ಲಿ 28 ಹೊಸ ಅಕ್ಷರ ಸೇರಿಸಿದಾಗ ಇದೂ ಬಂತು. ಓಕಿನಾವಾದ ಗಾಲ್ಫ್ ಆಟಗಾರ್ತಿ ಮಿಯಝಾತೊ ಐ, 2010ರಲ್ಲಿ ವಿಶ್ವದ ನಂಬರ್ ಒನ್ ಆದವರು, ಹುಟ್ಟಿದ್ದು 1985ರಲ್ಲಿ. ಅವರ ‘ಐ’ ನೀಲಿಯದ್ದು. ಫುಕುಹಾರಾ ಅವರದ್ದು ಪ್ರೀತಿಯದ್ದು. ಕಿವಿಗೆ ಎರಡೂ ಒಂದೇ. ಈಗ ಹೆಸರಿಗೆ ಬಳಸಬಹುದಾದ ಕಾಂಜಿಗಳು ಸುಮಾರು 3000 ಇವೆ.

ಇದರ ತಿರುಗುಮುರುಗು ಕೂಡ ಇದೆ. ಸದ್ದು ಒಂದೇ ಇದ್ದು ಅಕ್ಷರ ಬೇರೆ ಆಗುವ ಹಾಗೆ, ಅಕ್ಷರ ಒಂದೇ ಇದ್ದು ಸದ್ದು ಬೇರೆ ಆಗುತ್ತದೆ. ಒಂದು ಕಾಂಜಿಗೆ ಚೀನೀ ಮೂಲದ ಓದು ಒಂದು, ಜಪಾನೀ ಓದು ಇನ್ನೊಂದು, ಹೆಸರಿಗೆ ಮಾತ್ರ ಬರುವ ಓದು ಮತ್ತೊಂದು ಇರುತ್ತದೆ. 1912ರಿಂದ 1926ರವರೆಗೆ ಆಳಿದ ತೈಶೋ ಸಾಮ್ರಾಟನ ತಾಯಿಯ ಹೆಸರನ್ನು ಬರೆಯುವುದು ರಾಜಕುಮಾರಿ ಐಕೊಳ ಹೆಸರಿನ ಅವೇ ಎರಡು ಅಕ್ಷರಗಳಲ್ಲಿ. ಓದುವುದು ಮಾತ್ರ ‘ನರುಕೊ’. ಯೊಶಿಕೊ ಎಂದು ಓದುವವರೂ ಇದ್ದಾರೆ. ‘ಮನ’ ಎಂಬ ಓದೂ ಇದೆ. ಮುದ್ದಿನ ಮಗಳಿಗೆ ಜಪಾನಿನಲ್ಲಿ ‘ಮನಮುಸುಮೆ’ ಎನ್ನುತ್ತಾರೆ, ಅದರ ‘ಮನ’ ಇದೇ ಅಕ್ಷರ. ಶಿಕೊಕು ದ್ವೀಪದಲ್ಲಿ ಎಹಿಮೆ ಎಂಬ ಪ್ರಾಂತ್ಯ ಇದೆ. 712ರಲ್ಲಿ ಬರೆದ ಜಪಾನಿನ ಹಳೆಯ ಪುರಾಣ ಗ್ರಂಥದಲ್ಲಿ ಆ ನಾಡಿಗೆ ಇದ್ದ ದೇವಿಯ ಹೆಸರು ಅದು. ಅದರ ‘ಎ’ ಕೂಡ ಇದೇ ಪ್ರೀತಿಯ ಕಾಂಜಿ. ಇನ್ನು ನಿಮ್ಮ ಮಗ ಇರುವ ನಾಗೋಯಾ ಐಚಿ ಪ್ರಾಂತ್ಯದ ರಾಜಧಾನಿ ಅಲ್ವಾ? ಆ ‘ಐಚಿ’ಯ ‘ಐ’ ಸಹ ಪ್ರೀತಿಯ ಕಾಂಜಿಯೇ. ಆದರೆ ಅಲ್ಲಿ ಅರ್ಥ ಹುಡುಕಬೇಡಿ. ‘ಅಯುಚಿ’ ಎಂಬ ಹಳೆಯ ಊರ ಹೆಸರನ್ನು ಬರೆಯಲು ಸದ್ದಿಗೆ ಹೊಂದುವ ಅಕ್ಷರ ತೆಗೆದುಕೊಂಡರು, ಅಷ್ಟೇ. ಆದರೂ ಆ ಪ್ರಾಂತ್ಯದಲ್ಲಿ ಹುಟ್ಟಿದ ಮಗುವಿಗೆ ಆ ಅಕ್ಷರ ಇಡಬೇಕು ಅಂತ ಯಾರಿಗಾದರೂ ಅನಿಸಿದರೆ ಆಶ್ಚರ್ಯವಿಲ್ಲ. ಸೊಸೆಯನ್ನು ಅದನ್ನೂ ಕೇಳಿ ನೋಡಿ.

ಓದಿನ ಈ ಗೊಂದಲಕ್ಕೆ ಈಚೆಗೆ ಒಂದು ಕಟ್ಟು ಬಂದಿದೆ. ಜಪಾನಿನಲ್ಲಿ ಪ್ರತಿ ಕುಟುಂಬಕ್ಕೂ ‘ಕೊಸೆಕಿ’ ಎಂಬ ಸರ್ಕಾರಿ ದಾಖಲೆ ಇರುತ್ತದೆ. ಮಗು ಹುಟ್ಟಿದ 14 ದಿನದೊಳಗೆ ಸ್ಥಳೀಯ ಕಚೇರಿಗೆ ಹೆಸರು ತಿಳಿಸಬೇಕು. ಇಷ್ಟು ಕಾಲ ಕೊಸೆಕಿಯಲ್ಲಿ ಕಾಂಜಿ ಮಾತ್ರ ಇರುತ್ತಿತ್ತು, ಓದುವುದು ಹೇಗೆ ಅಂತ ಇರುತ್ತಿರಲಿಲ್ಲ. 2025ರ ಮೇ 26ರಿಂದ ಓದನ್ನೂ ಬರೆಸಬೇಕು. ಆ ಅಕ್ಷರಕ್ಕೆ ಜನ ಒಪ್ಪುವಂಥ ಓದೇ ಆಗಿರಬೇಕು. ಐಕೊ ವಿಷಯದಲ್ಲಿ ಇದು ತೊಡಕೇ ಅಲ್ಲ. ಪ್ರೀತಿಯ ಕಾಂಜಿಯಾದರೂ ನೀಲಿಯ ಕಾಂಜಿಯಾದರೂ ‘ಐ’ ಎಲ್ಲರಿಗೂ ಗೊತ್ತಿರುವ ಓದು.

ಇನ್ನು ಉಚ್ಚಾರಣೆ. ಇಲ್ಲಿ ಕನ್ನಡದವರಿಗೆ ದೊಡ್ಡ ಅನುಕೂಲ ಇದೆ. ಜಪಾನೀಯರು ಸದ್ದನ್ನು ಎಣಿಸುವುದು ಮಾತ್ರೆಯ ಲೆಕ್ಕದಲ್ಲಿ. ಅ, ಇ, ಕೊ. ಮೂರು ಸದ್ದು, ಒಂದೊಂದಕ್ಕೂ ಒಂದೊಂದು ಮಾತ್ರೆ. ಅವರ ಸರಳ ಲಿಪಿಯ ಅಕ್ಷರಮಾಲೆ ಕೂಡ ‘ಅ, ಇ, ಉ, ಎ, ಒ’ ಎಂದು ಶುರುವಾಗಿ ಕ, ಸ, ತ, ನ ಎಂದು ಮುಂದೆ ಹೋಗುತ್ತದೆ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳನ್ನು ಸರಿಯಾಗಿ ಹೇಳಲು ಸಿದ್ಧಂ ಎಂಬ ಭಾರತೀಯ ಲಿಪಿಯನ್ನು ಕಲಿಯುತ್ತಿದ್ದರು. ಆ ಕ್ರಮ ಅಲ್ಲಿಂದ ಬಂದದ್ದು. ನಿಮ್ಮ ಮೊಮ್ಮಗಳು ತನ್ನ ಹೆಸರನ್ನು ಹಿರಗಾನದಲ್ಲಿ ಬರೆಯಲು ಕಲಿಯುವಾಗ, ಅಕ್ಷರಮಾಲೆಯ ಮೊದಲ ಎರಡು ಅಕ್ಷರಗಳಿಂದಲೇ ಶುರು ಮಾಡುತ್ತಾಳೆ.

ಕನ್ನಡದಲ್ಲಿ ‘ಐಕೊ’ ಎಂದೇ ಬರೆಯಿರಿ. ಕೊನೆಯಲ್ಲಿ ‘ಕೋ’ ಬೇಡ, ‘ಕೊ’ ಸಾಕು. ಜಪಾನೀ ಭಾಷೆಯಲ್ಲಿ ಹ್ರಸ್ವ ದೀರ್ಘ ಬದಲಾದರೆ ಮಾತೇ ಬದಲಾಗುತ್ತದೆ. ಹೇಳುವಾಗ ‘ಐ’ ಅನ್ನು ಒಂದೇ ಉಸಿರಿಗೆ ನುಂಗದೆ ‘ಅಇ’ ಎಂದು ಎರಡೂ ಸ್ವರ ಕೇಳುವ ಹಾಗೆ ಹೇಳಿ. ‘ಏಕೊ’ ಎನ್ನಬೇಡಿ. ಅದು ಬೇರೆಯೇ ಹೆಸರು, ಅದಕ್ಕೆ ಬೇರೆ ಕಾಂಜಿ. ‘ಅಕಿಕೊ’ ಕೂಡ ಬೇರೆ.

ಮನೆಯಲ್ಲಿ ಮಗುವನ್ನು ಹೆಚ್ಚಾಗಿ ‘ಐಚಾನ್’ ಎನ್ನುತ್ತಾರೆ. ‘ಚಾನ್’ ಮುದ್ದಿನ ಮಾತು. ಫುಕುಹಾರಾ ಐ ಪುಟ್ಟ ಹುಡುಗಿಯಾಗಿ ಅಳುತ್ತಾ ಆಡುತ್ತಿದ್ದುದನ್ನು ಟಿವಿಯಲ್ಲಿ ನೋಡಿದ ಇಡೀ ಜಪಾನ್ ಅವರನ್ನು ‘ಐಚಾನ್’ ಅಂತಲೇ ಕರೆಯಿತು. ನೀವು ಫೋನಿನಲ್ಲಿ ಹಾಗೆ ಕರೆದರೆ ಸೊಸೆಗೆ ಬಹಳ ಹಿಡಿಸುತ್ತದೆ. ‘ಐಕೊ’ ಅಂತ ಪೂರ್ತಿ ಕರೆದರೂ ತಪ್ಪಿಲ್ಲ, ಅಜ್ಜಿ ತಾತಂದಿರು ಹೇಗೆ ಕರೆದರೂ ಚೆಂದ. ಮುಂದೆ ಮಗು ಶಾಲೆಗೆ ಹೋದ ಮೇಲೆ ಆಟದಲ್ಲಿ ತನ್ನ ಹೆಸರು ಕೇಳಿ ನಗುತ್ತಾ ಬರಬಹುದು. ಕೈಯಲ್ಲಿ ಕಲ್ಲು, ಕತ್ತರಿ, ಕಾಗದ ಮಾಡಿ ಆಡುವ ‘ಜಾನ್‌ಕೆನ್’ ಆಟದಲ್ಲಿ ಇಬ್ಬರದ್ದೂ ಒಂದೇ ಬಂದರೆ ಮಕ್ಕಳು ‘ಐಕೊ!’ ಎಂದು ಕೂಗಿ ಮತ್ತೆ ಕೈ ಚಾಚುತ್ತಾರೆ. ಅಲ್ಲಿ ಅದರ ಅರ್ಥ ಸಮ ಸಮ. ಈ ಹೆಸರಿಗೂ ಅದಕ್ಕೂ ನಂಟಿಲ್ಲ, ಸದ್ದು ಮಾತ್ರ ಒಂದೇ.

ಕೊನೆಗೆ ಒಂದು ಕೆಲಸದ ಮಾತು. ಜಪಾನಿನ ಎಷ್ಟೋ ಮನೆಗಳಲ್ಲಿ ಮಗು ಹುಟ್ಟಿದ ಏಳನೇ ರಾತ್ರಿ ‘ಒಶಿಚಿಯಾ’ ಎಂಬ ಶಾಸ್ತ್ರ ಮಾಡುತ್ತಾರೆ. ಹೆಸರನ್ನು ಕುಂಚದಲ್ಲಿ ದೊಡ್ಡದಾಗಿ ಕಾಗದದ ಮೇಲೆ ಬರೆದು ಗೋಡೆಗೆ ತೂಗುಹಾಕುತ್ತಾರೆ. ಅದನ್ನು ‘ಮೆಯ್ಮೆಯ್ಶೊ’ ಎನ್ನುತ್ತಾರೆ. ನಿಮ್ಮ ಸೊಸೆಯ ಮನೆಯವರೂ ಮಾಡಿರಬಹುದು. ಅದರ ಫೋಟೋ ಕಳಿಸಲು ಹೇಳಿ. ಅಕ್ಷರದ ನಡುವೆ ನಾಲ್ಕು ಪುಟ್ಟ ಗೆರೆಯ ಹೃದಯ ಕಂಡರೆ ಅದು ಪ್ರೀತಿಯದ್ದು. ಮೇಲ್ತುದಿಯಲ್ಲಿ ಅಡ್ಡಗೆರೆಯೊಂದನ್ನು ಎರಡು ಪುಟ್ಟ ಕಡ್ಡಿಗಳು ದಾಟಿದ ಹಾಗೆ ಕಂಡರೆ ಅದು ಹುಲ್ಲು ಗಿಡಗಳ ಗುರುತು, ಆಗ ನೀಲಿಯದ್ದು. ಎರಡೂ ಅಲ್ಲದಿದ್ದರೆ ಆ ಫೋಟೋವನ್ನು ನನಗೆ ಕಳಿಸಿ, ಓದಿ ಹೇಳುತ್ತೇನೆ.